ಮೇಜಿನ ಮೇಲಿನ ರಣರಂಗ

ಕಾಲಹರಣಕ್ಕಾಗಿ ಆಡುವ ಆಟಗಳು ಕೆಲವಾದರೆ, ಬುದ್ಧಿಯನ್ನು ಹರಿತಗೊಳಿಸುವ ಆಟಗಳು ಕೆಲವು. ಎರಡನೆಯ ಬಗೆಯ ಆಟಗಳಲ್ಲಿ ಚದುರಂಗಕ್ಕೆ ಅಗ್ರಸ್ಥಾನ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳುಳ್ಳ ಸೇನೆಯೇ ಚತುರಂಗ. ಅದರಿಂದಲೇ ಆಟಕ್ಕೆ ಆ ಹೆಸರು. ಭಾರತದಲ್ಲಿ ಹುಟ್ಟಿದ ಈ ಆಟ ಪರ್ಷಿಯಾ ಮತ್ತು ಅರಬ್ ದೇಶಗಳ ಮಾರ್ಗವಾಗಿ ಯುರೋಪನ್ನು ಸೇರಿ, ಅಲ್ಲಿನ ಅರಮನೆಗಳಲ್ಲಿಯೂ ಸೈನಿಕರ ಬಿಡಾರಗಳಲ್ಲಿಯೂ ಮನೆಮಾಡಿತು. ಆದರೆ ಚದುರಂಗದ ಮಣೆ ನಿಜವಾದ ರಣರಂಗವನ್ನು ಪೂರ್ತಿಯಾಗಿ ಹೋಲುವುದಿಲ್ಲ. ಅಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಕೆಸರಿಲ್ಲ. ಎದುರಾಳಿಯ ಬಲವೆಲ್ಲ ಕಣ್ಣ ಮುಂದೆಯೇ ಇರುತ್ತದೆ. ಎಷ್ಟೇ ಅಪಾಯ ಬಂದರೂ ಕಾಲಾಳು ಹೆದರಿ ಓಡುವುದಿಲ್ಲ. ಈ ಕೊರತೆಗಳನ್ನು ತುಂಬಬೇಕೆಂಬ ಹಂಬಲದಿಂದ ಹುಟ್ಟಿದ ಆಟವೇ ಸಮರಕ್ರೀಡೆ.

ಜರ್ಮನಿಯ ಬ್ರನ್ಸ್‌ವಿಕ್ ನಗರದಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಹೆಲ್ವಿಗ್ ಎಂಬಾತ 1780ರಲ್ಲಿ ಚದುರಂಗವನ್ನು ಹಿಗ್ಗಿಸಿ ಹೊಸದೊಂದು ಆಟವನ್ನು ರಚಿಸಿದನು. ಅದರ ಮಣೆಯಲ್ಲಿ 64 ಮನೆಗಳ ಬದಲು 1,617 ಮನೆಗಳಿದ್ದವು. ನೆಲದ ಬಗೆಯನ್ನು ಸೂಚಿಸಲು ಮನೆಗಳಿಗೆ ಬೇರೆ ಬೇರೆ ಬಣ್ಣಗಳನ್ನು ಕೊಟ್ಟಿದ್ದನು. ಮೂವತ್ತೆರಡು ವರ್ಷಗಳ ಅನಂತರ, 1812ರಲ್ಲಿ, ಪ್ರಷ್ಯ ದೇಶದ ರೈಸ್‌ವಿಟ್ಸ್ ಎಂಬ ಅಧಿಕಾರಿ ಇನ್ನೊಂದು ಹೆಜ್ಜೆ ಮುಂದಿಟ್ಟನು. ಅವನು ಮಣೆಯನ್ನೇ ಕೈಬಿಟ್ಟು, ಬೆಟ್ಟ, ಕಣಿವೆ, ಹೊಳೆ, ಹಳ್ಳಿಗಳ ಆಕಾರದ ತುಂಡುಗಳನ್ನು ಮಾಡಿ, ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಮೇಜೊಂದನ್ನು ತನ್ನ ದೊರೆಗೆ ಒಪ್ಪಿಸಿದನು. ಫಿರಂಗಿದಳದಲ್ಲಿ ಕಿರಿಯ ಅಧಿಕಾರಿಯಾಗಿದ್ದ ಅವನ ಮಗನು 1824ರಲ್ಲಿ ಈ ಆಟಕ್ಕೆ ಖಚಿತವಾದ ನಿಯಮಗಳನ್ನು ಬರೆದನು. ನಿಜವಾದ ಭೂಪಟವೇ ಆಟದ ನೆಲ. ಒಂದೊಂದು ಸರದಿಯೂ ಎರಡು ನಿಮಿಷಗಳ ಕಾಲಕ್ಕೆ ಸಮ. ಹೊಡೆತದ ಫಲವನ್ನು ನಿರ್ಣಯಿಸಲು ದಾಳ. ಎಲ್ಲಕ್ಕಿಂತ ಮುಖ್ಯವಾಗಿ, ಇಬ್ಬರು ಆಟಗಾರರ ನಡುವೆ ಒಬ್ಬ ತೀರ್ಪುಗಾರ. ಒಬ್ಬನ ಸೈನ್ಯ ಇನ್ನೊಬ್ಬನ ಕಣ್ಣಿಗೆ ಬೀಳುವ ತನಕ ಅದು ತೀರ್ಪುಗಾರನಿಗೆ ಮಾತ್ರ ತಿಳಿದಿರುತ್ತಿತ್ತು. ಈ ಆಟವನ್ನು ನೋಡಿದ ಪ್ರಷ್ಯದ ಸೇನಾ ಮುಖ್ಯಸ್ಥ ಮುಫ್ಲಿಂಗನು ಮೊದಲು ಉದಾಸೀನನಾಗಿದ್ದು, ಕೊನೆಗೆ ಇದು ಬರಿಯ ಆಟವಲ್ಲ, ಸೈನ್ಯಕ್ಕೆ ಪಾಠಶಾಲೆ ಎಂದು ಮೆಚ್ಚಿದನೆಂದು ಹೇಳುತ್ತಾರೆ. ಅವನ ಮೆಚ್ಚುಗೆಗೆ ಬೆಲೆಯಿತ್ತು. ಏಕೆಂದರೆ ಒಂಬತ್ತು ವರ್ಷಗಳ ಹಿಂದೆ ವಾಟರ್ಲೂ ಕದನದಲ್ಲಿ ಅವನು ವೆಲ್ಲಿಂಗ್ಟನ್ನನ ಬಳಿಯಲ್ಲಿಯೇ ನಿಂತು ನಿಜವಾದ ಯುದ್ಧವನ್ನು ಕಂಡಿದ್ದನು.

ಸಮರಕ್ರೀಡೆಯಲ್ಲಿ ಯಾವ ಕಾಲದ ಯುದ್ಧವನ್ನಾದರೂ ಆಡಬಹುದು. ಆದರೂ ಈ ಆಟದ ಪ್ರಿಯರಲ್ಲಿ ಅನೇಕರ ಮನಸ್ಸನ್ನು ಸೆಳೆದಿರುವುದು ನೆಪೋಲಿಯನ್ನನ ಕಾಲ. ಅದಕ್ಕೆ ಕಾರಣಗಳಿಲ್ಲದಿಲ್ಲ. ಆ ಕಾಲದಲ್ಲಿ ಕಾಲಾಳು, ಕುದುರೆ, ಫಿರಂಗಿ ಈ ಮೂರೂ ಬಲಗಳು ಹೆಚ್ಚು ಕಡಿಮೆ ಸರಿಸಮವಾಗಿದ್ದವು. ಸೈನ್ಯಗಳು ಕಣ್ಣಳತೆಯ ಬಯಲಿನಲ್ಲಿ ಒಂದೇ ದಿನದಲ್ಲಿ ಎದುರಾಗಿ ನಿರ್ಣಯವನ್ನು ಪಡೆಯುತ್ತಿದ್ದವು. ಮೇಲಾಗಿ, ಅಷ್ಟು ವರ್ಣಮಯವಾದ ಸಮವಸ್ತ್ರಗಳನ್ನು ಮತ್ತಾವ ಕಾಲದಲ್ಲಿಯೂ ಕಾಣುವುದು ಅಪರೂಪ.

ಆ ಕಾಲದ ಚರಿತ್ರೆಗೂ ಕನ್ನಡ ನಾಡಿಗೂ ಒಂದು ನಂಟು ಉಂಟು. ಈಜಿಪ್ಟಿಗೆ ದಂಡೆತ್ತಿ ಬಂದಿದ್ದ ನೆಪೋಲಿಯನ್ 1799ರಲ್ಲಿ ಟಿಪ್ಪು ಸುಲ್ತಾನನಿಗೆ ಬರೆದ ಪತ್ರ ಶ್ರೀರಂಗಪಟ್ಟಣವನ್ನು ಮುಟ್ಟುವ ಮುನ್ನವೇ ಇಂಗ್ಲಿಷರ ಕೈಸೇರಿತು. ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಸಮೀಪದ ಸುಲ್ತಾನಪೇಟೆಯ ತೋಪಿನಲ್ಲಿ, ಕತ್ತಲೆಯಲ್ಲಿ ದಿಕ್ಕು ತಪ್ಪಿ ಹಿಮ್ಮೆಟ್ಟಿದ ಇಂಗ್ಲಿಷ್ ತುಕಡಿಯ ನಾಯಕ ಆರ್ಥರ್ ವೆಲ್ಲೆಸ್ಲಿ. ಮೇ 4ರಂದು ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತವನ್ನು ವಹಿಸಿಕೊಂಡವನೂ ಅವನೇ. ಹದಿನಾರು ವರ್ಷಗಳ ಅನಂತರ ವೆಲ್ಲಿಂಗ್ಟನ್ ಡ್ಯೂಕನೆಂಬ ಬಿರುದಿನಿಂದ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಎದುರಿಸಿದವನು ಆತ. ತೋಪಿನ ಕತ್ತಲೆಯಲ್ಲಿ ಅವನೊಡನಿದ್ದ 33ನೆಯ ರೆಜಿಮೆಂಟು ವಾಟರ್ಲೂವಿನಲ್ಲಿಯೂ ಹೋರಾಡಿತು.

ಪುಟ್ಟ ಬೊಂಬೆಗಳಿಂದ ಒಂದು ಕದನವನ್ನು ಕಟ್ಟಿ ನಿಲ್ಲಿಸುವ ಕೆಲಸ ಎಷ್ಟು ಹೊಣೆಗಾರಿಕೆಯದು ಎಂಬುದನ್ನು ವಿಲಿಯಂ ಸೈಬೋರ್ನ್ ಎಂಬ ಇಂಗ್ಲಿಷ್ ಸೇನಾಧಿಕಾರಿಯ ಜೀವನ ತೋರಿಸಿಕೊಡುತ್ತದೆ. ವಾಟರ್ಲೂ ಕದನದ ಒಂದು ಮಾದರಿಯನ್ನು ರಚಿಸುವ ಕಾರ್ಯ 1830ರಲ್ಲಿ ಅವನ ಪಾಲಿಗೆ ಬಂದಿತು. ಅವನು ಕದನದಲ್ಲಿ ಭಾಗವಹಿಸಿದವನಲ್ಲ. ಆದುದರಿಂದ ಕೇಳಿದ ಕಥೆಗಳನ್ನು ನೆಚ್ಚದೆ, ರಣರಂಗದ ನಡುವಣ ಲಾ ಹೇ ಸೇಂತ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ವಾಸವಾಗಿದ್ದು ನೆಲವನ್ನು ಅಳೆದನು. ಅಷ್ಟರಲ್ಲಿ ಅಲ್ಲಿ ಸ್ಮಾರಕವಾಗಿ ಸಿಂಹದಿಬ್ಬವೊಂದನ್ನು ಎಬ್ಬಿಸಲು ಸುತ್ತಲಿನ ಮಣ್ಣನ್ನು ಅಗೆದಿದ್ದರಿಂದ ನೆಲದ ಸ್ವರೂಪವೇ ಕೆಲವು ಕಡೆ ಬದಲಾಗಿತ್ತು. ಬಳಿಕ, ಕದನದಲ್ಲಿ ಪಾಲ್ಗೊಂಡು ಬದುಕುಳಿದಿದ್ದ ಅಧಿಕಾರಿಗಳಿಗೆ ಪತ್ರಗಳನ್ನು ಬರೆದನು. ಸಂಜೆ ಏಳು ಗಂಟೆಗೆ ನಿಮ್ಮ ದಳ ಎಲ್ಲಿತ್ತು, ಯಾವ ವ್ಯೂಹದಲ್ಲಿತ್ತು, ಎದುರಿಗೆ ಯಾರಿದ್ದರು, ಹೊಲದಲ್ಲಿ ಯಾವ ಬೆಳೆಯಿತ್ತು ಎಂದು ವಿಚಾರಿಸಿದನು. ನೂರಾರು ಉತ್ತರಗಳು ಬಂದವು. ಅವುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ ಸತ್ಯವನ್ನು ಸೋಸಿ ತೆಗೆಯುವುದೇ ಅವನ ದೊಡ್ಡ ಕೆಲಸವಾಯಿತು.

ನಡುವೆ ಸರ್ಕಾರ ಹಣ ಕೊಡುವುದನ್ನು ನಿಲ್ಲಿಸಿತು. ಸೈಬೋರ್ನ್ ಸಾಲ ಮಾಡಿ ಕೆಲಸವನ್ನು ಮುಂದುವರಿಸಿದನು. ಒಂದು ಮೈಲಿಗೆ ಒಂಬತ್ತು ಅಡಿಗಳ ಪ್ರಮಾಣದಲ್ಲಿ, ಸುಮಾರು 400 ಚದರ ಅಡಿಗಳಷ್ಟು ವಿಸ್ತಾರವಾದ, ಬೆರಳ ತುದಿಯಷ್ಟು ಎತ್ತರದ ಸುಮಾರು 75,000 ತವರದ ಬೊಂಬೆಗಳುಳ್ಳ ಆ ಮಾದರಿಯನ್ನು 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಲಾಯಿತು. ಜನ ತಂಡತಂಡವಾಗಿ ಬಂದು ನೋಡಿದರು. ಆದರೆ ಅದರಲ್ಲಿ ಒಂದು ಅಂಶ ದೊಡ್ಡವರಿಗೆ ಹಿಡಿಸಲಿಲ್ಲ. ಸಂಜೆ ಏಳರ ಹೊತ್ತಿಗೆ ಪ್ರಷ್ಯನರ ಸೈನ್ಯ ಭಾರಿ ಸಂಖ್ಯೆಯಲ್ಲಿ ಬಂದು ನೆಪೋಲಿಯನ್ನನ ಪಕ್ಕೆಯನ್ನು ತಿವಿಯುತ್ತಿದ್ದಂತೆ ಸೈಬೋರ್ನ್ ತೋರಿಸಿದ್ದನು. ಅಂದರೆ ವಿಜಯದ ಕೀರ್ತಿಯಲ್ಲಿ ಪ್ರಷ್ಯನರಿಗೂ ದೊಡ್ಡ ಪಾಲು ಸಲ್ಲಬೇಕಾಗುತ್ತಿತ್ತು. ವೆಲ್ಲಿಂಗ್ಟನ್ನನಿಗೆ ಇದು ಸಮ್ಮತವಾಗಿರಲಿಲ್ಲ. ಕೊನೆಗೆ ಸೈಬೋರ್ನ್ ತನ್ನ ಮೊದಲಿನ ನಿರ್ಣಯವನ್ನು ಬದಲಿಸಿ ಬಹಳಷ್ಟು ಪ್ರಷ್ಯನ್ ಬೊಂಬೆಗಳನ್ನು ತೆಗೆದುಹಾಕಿದನು. ಅವನು ಮಣಿದುದು ಹೊಸ ಸಾಕ್ಷ್ಯಕ್ಕೋ ಅಧಿಕಾರದ ಒತ್ತಡಕ್ಕೋ ಎಂಬುದನ್ನು ಕುರಿತು ಇತಿಹಾಸಕಾರರಲ್ಲಿ ವಾದ ನಡೆದೇ ಇದೆ. ಕಷ್ಟದಲ್ಲಿಯೇ ಬಾಳಿದ ಸೈಬೋರ್ನ್ 1849ರಲ್ಲಿ ತೀರಿಕೊಂಡನು. ಮಾದರಿ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಬೆರಳ ತುದಿಯಷ್ಟಿರುವ ತವರದ ಸಿಪಾಯಿಯನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ ಎರಡು ರಾಷ್ಟ್ರಗಳ ಕೀರ್ತಿಯ ಪ್ರಶ್ನೆಯಾದುದು ಸಣ್ಣ ಸಂಗತಿಯೇನೂ ಅಲ್ಲ.

ಸೇನಾಧಿಕಾರಿಗಳ ಪಾಠವಾಗಿದ್ದ ಈ ಕ್ರೀಡೆ ಸಾಮಾನ್ಯರ ಹವ್ಯಾಸವಾಗಿ ಬೆಳೆಯಲು ಇನ್ನೂ ಕೆಲವು ಕಾಲ ಹಿಡಿಯಿತು. ಪ್ರಸಿದ್ಧ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಕ್ಷಯರೋಗದ ಚಿಕಿತ್ಸೆಗಾಗಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ತಂಗಿದ್ದಾಗ, ತನ್ನ ಹೆಂಡತಿಯ ಮಗನೊಡನೆ ತವರದ ಸಿಪಾಯಿಗಳನ್ನು ನೆಲದ ಮೇಲೆ ಹರಡಿ ಯುದ್ಧವಾಡುತ್ತಿದ್ದನು. ಲಂಡನ್ನಿನ ಬ್ರಿಟನ್ಸ್ ಕಾರ್ಖಾನೆ 1893ರಲ್ಲಿ ಟೊಳ್ಳಾಗಿ ಎರಕ ಹೊಯ್ಯುವ ವಿಧಾನವನ್ನು ಬಳಕೆಗೆ ತಂದುದರಿಂದ ಸೀಸದ ಸಿಪಾಯಿಗಳು ಅಗ್ಗವಾದವು. 1913ರಲ್ಲಿ ಎಚ್. ಜಿ. ವೆಲ್ಸ್ ಈ ಆಟದ ನಿಯಮಗಳನ್ನು ವಿವರಿಸುವ 'ಲಿಟಲ್ ವಾರ್ಸ್' ಎಂಬ ಪುಸ್ತಕವನ್ನು ಪ್ರಕಟಿಸಿದನು. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದ ಜ್ಯಾಕ್ ಸ್ಕ್ರೂಬಿ 1957ರಲ್ಲಿ ಈ ಹವ್ಯಾಸಕ್ಕೆಂದೇ ಒಂದು ಪತ್ರಿಕೆಯನ್ನು ಹೊರತಂದನು. ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ಬರೆದ ಪುಸ್ತಕ ಈ ಆಟವನ್ನು ಮನೆಮನೆಗೆ ಮುಟ್ಟಿಸಿತು. ಫೆದರ್‌ಸ್ಟೋನ್ ಸ್ವತಃ ಮಹಾಯುದ್ಧದಲ್ಲಿ ಟ್ಯಾಂಕ್ ದಳದ ಸೈನಿಕನಾಗಿದ್ದವನು. ಮುಂದೆ ಪ್ಲಾಸ್ಟಿಕ್ಕಿನ ಬೊಂಬೆಗಳು ಬಂದ ಮೇಲೆ ಶಾಲಾ ಬಾಲಕರು ಕೂಡ ತಮ್ಮ ಕೈಖರ್ಚಿನ ಹಣದಲ್ಲಿ ಒಂದು ಪಟಾಲಮನ್ನು ಕಟ್ಟುವಂತಾಯಿತು.

ಸೈನ್ಯವನ್ನು ಕೊಂಡ ಮಾತ್ರಕ್ಕೆ ಅದು ಯುದ್ಧಕ್ಕೆ ಸಿದ್ಧವಾಗುವುದಿಲ್ಲ. ಬೊಂಬೆಗಳು ಬರುವುದು ಬಣ್ಣವಿಲ್ಲದ ಬರಿಯ ಲೋಹದ ಅಥವಾ ಪ್ಲಾಸ್ಟಿಕ್ಕಿನ ರೂಪದಲ್ಲಿ. ಅವುಗಳ ಎತ್ತರ ಸಾಮಾನ್ಯವಾಗಿ 6 ಮಿಲಿಮೀಟರಿನಿಂದ 28 ಮಿಲಿಮೀಟರಿನವರೆಗೆ ಇರುತ್ತದೆ. ಅಚ್ಚಿನ ಎರಡು ಹೋಳುಗಳು ಕೂಡುವಲ್ಲಿ ಉಳಿದ ಏಣನ್ನು ಚಾಕುವಿನಿಂದ ಕೆರೆದು, ಅರದಿಂದ ಉಜ್ಜಿ ನಯಗೊಳಿಸಬೇಕು. ಅಚ್ಚಿನ ಜಿಡ್ಡು ಹೋಗುವಂತೆ ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅನಂತರ ಕಪ್ಪು, ಬೂದು ಅಥವಾ ಬಿಳಿಯ ಅಡಿಬಣ್ಣ. ಅದಿಲ್ಲದೆ ಮೇಲಿನ ಬಣ್ಣ ನಿಲ್ಲದು. ಅಡಿಬಣ್ಣ ಒಣಗಿದ ಮೇಲೆ ಅಂಗಿ, ಷರಾಯಿ, ಚರ್ಮ, ಬಂದೂಕು ಇವುಗಳಿಗೆ ತಕ್ಕ ಬಣ್ಣಗಳನ್ನು ಸಣ್ಣ ಕುಂಚದಿಂದ ಹಚ್ಚುತ್ತಾರೆ. ನೀರಾಗಿಸಿದ ಕಡುಬಣ್ಣವನ್ನು ಮೇಲೆ ಬಳಿದರೆ ಅದು ಮಡಿಕೆಗಳಲ್ಲಿ ಇಳಿದು ನಿಂತು ನೆರಳನ್ನು ತೋರಿಸುತ್ತದೆ. ಬಣ್ಣವನ್ನು ಬಹುಮಟ್ಟಿಗೆ ಒರಸಿದ ಒಣ ಕುಂಚವನ್ನು ಮೇಲೆ ಹಗುರವಾಗಿ ಆಡಿಸಿದರೆ ಉಬ್ಬಿದ ಭಾಗಗಳು ಬೆಳಕು ಬಿದ್ದಂತೆ ಹೊಳೆಯುತ್ತವೆ. ಕೈಯಿಂದ ಕೈಗೆ ಓಡಾಡುವ ಬೊಂಬೆಯ ಬಣ್ಣ ಸವೆಯದಿರಲೆಂದು ಕೊನೆಯಲ್ಲಿ ವಾರ್ನಿಷ್ ಲೇಪ. ಹಳೆಯ ಬೊಂಬೆಗಳಲ್ಲಿ ಸೀಸವಿರುವುದುಂಟು. ಸೀಸ ವಿಷವಾದುದರಿಂದ ಅವುಗಳನ್ನು ಉಜ್ಜಿದ ಪುಡಿ ಉಸಿರಿನಲ್ಲಿ ಸೇರದಂತೆ ಎಚ್ಚರ ವಹಿಸಿ, ಕೆಲಸವಾದೊಡನೆ ಕೈಗಳನ್ನು ಚೆನ್ನಾಗಿ ತೊಳೆಯುವುದು ಅವಶ್ಯ.

ಬಣ್ಣ ಹಚ್ಚುವವನಿಗೆ ಕೈಚಳಕದಷ್ಟೇ ಇತಿಹಾಸದ ಜ್ಞಾನವೂ ಬೇಕು. ಫ್ರೆಂಚರ ಕಾಲಾಳಿಗೆ ನೀಲಿ ಅಂಗಿ, ಇಂಗ್ಲಿಷರಿಗೆ ಕೆಂಪು, ಆಸ್ಟ್ರಿಯನರಿಗೆ ಬಿಳಿ, ರಷ್ಯನರಿಗೆ ಕಡುಹಸಿರು. ಇಂಗ್ಲಿಷರಲ್ಲಿ ಒಂದೊಂದು ರೆಜಿಮೆಂಟಿಗೂ ಕೊರಳಪಟ್ಟಿ ಮತ್ತು ತೋಳಿನ ಅಂಚಿನ ಬಣ್ಣ ಬೇರೆ; ಶ್ರೀರಂಗಪಟ್ಟಣಕ್ಕೆ ಬಂದಿದ್ದ 33ನೆಯ ರೆಜಿಮೆಂಟಿಗೆ ಅದೂ ಕೆಂಪೇ. ಇಷ್ಟು ಎದ್ದುಕಾಣುವ ಬಣ್ಣಗಳು ಸೈನಿಕನಿಗೆ ಅಪಾಯಕರವಲ್ಲವೆ ಎಂದು ತೋರಬಹುದು. ಆದರೆ ಆ ಕಾಲದ ಕರಿಮದ್ದು ಉಗುಳುತ್ತಿದ್ದ ದಟ್ಟವಾದ ಹೊಗೆಯಲ್ಲಿ ತನ್ನವರು ಯಾರು, ಹಗೆಗಳು ಯಾರು ಎಂದು ಗುರುತಿಸಲು ಬಣ್ಣವೇ ಆಧಾರವಾಗಿತ್ತು. ಬಣ್ಣದ ಹಿಂದೆ ವ್ಯಾಪಾರದ ಕಥೆಯೂ ಅಡಗಿರುವುದುಂಟು. ಫ್ರೆಂಚರ ಅಂಗಿಗೆ ಬೇಕಾದ ನೀಲಿ ದೂರದ ಉಷ್ಣ ದೇಶಗಳಲ್ಲಿ ಬೆಳೆಯುವ ನೀಲಿಗಿಡದಿಂದ ದೊರೆಯುತ್ತಿತ್ತು. ಇಂಗ್ಲಿಷರ ನೌಕಾಬಲ ಸಮುದ್ರದ ದಾರಿಯನ್ನು ಕಟ್ಟಿದಾಗ ನೀಲಿ ದುರ್ಲಭವಾಗಿ, 1806ರಲ್ಲಿ ನೆಪೋಲಿಯನ್ ಕೆಲವು ರೆಜಿಮೆಂಟುಗಳಿಗೆ ಬಿಳಿಯ ಅಂಗಿಯನ್ನು ತೊಡಿಸಿದನು. ಬಿಳಿಯ ಬಟ್ಟೆಯಲ್ಲಿ ಕೊಳೆಯೂ ನೆತ್ತರೂ ಎದ್ದುಕಂಡವು. ಸ್ವಲ್ಪ ಕಾಲದಲ್ಲಿಯೇ ಆ ಏರ್ಪಾಟನ್ನು ಕೈಬಿಡಬೇಕಾಯಿತು. ಹೀಗೆ ಒಂದು ಬೊಂಬೆಯ ಅಂಗಿಗೆ ಯಾವ ಬಣ್ಣವೆಂದು ಹುಡುಕಹೊರಟವನು ಸಮುದ್ರ ವ್ಯಾಪಾರದ ಚರಿತ್ರೆಯವರೆಗೂ ಹೋಗಿ ಮುಟ್ಟುತ್ತಾನೆ.

ಆಟದಲ್ಲಿ ಒಂದು ಬೊಂಬೆ ಒಬ್ಬನೇ ಸೈನಿಕನಲ್ಲ. 20 ಅಥವಾ 33 ಜನರ ಪ್ರತಿನಿಧಿ. ವಾಟರ್ಲೂವಿನಲ್ಲಿ ನೆಪೋಲಿಯನ್ನನ ಸುಮಾರು 73,000, ವೆಲ್ಲಿಂಗ್ಟನ್ನನ ಸುಮಾರು 68,000, ಬ್ಲ್ಯೂಷರನ ಸುಮಾರು 50,000 ಸೈನಿಕರು ಸೇರಿದ್ದರು. 33 ಜನರಿಗೆ ಒಂದರಂತೆ ಲೆಕ್ಕ ಹಾಕಿದರೂ 5,800ರಷ್ಟು ಬೊಂಬೆಗಳು ಬೇಕು. ಒಂದು ಬೊಂಬೆಗೆ ಬಣ್ಣ ಹಚ್ಚಲು ಅರ್ಧ ಗಂಟೆ ಹಿಡಿದರೆ ಒಟ್ಟು 2,900 ಗಂಟೆಗಳ ದುಡಿಮೆ. ದಿನಕ್ಕೆ ಎರಡು ಗಂಟೆಯಂತೆ ಕುಳಿತರೆ ಸುಮಾರು ನಾಲ್ಕು ವರ್ಷಗಳು. ಆದುದರಿಂದಲೇ ಹಲವರು ಸ್ನೇಹಿತರು ಸೇರಿ ಒಬ್ಬೊಬ್ಬರು ಒಂದೊಂದು ದಳವನ್ನು ಹಂಚಿಕೊಳ್ಳುವುದು ವಾಡಿಕೆ.

ಮೇಜಿನ ಮೇಲೆ ದಿಬ್ಬ, ಮರ, ರಸ್ತೆ, ಮನೆಗಳ ಮಾದರಿಗಳನ್ನು ಜೋಡಿಸಿ ಸೈನ್ಯಗಳನ್ನು ನಿಲ್ಲಿಸಿದ ಮೇಲೆ ಆಟ ಆರಂಭವಾಗುತ್ತದೆ. ಯಾವ ದಳ ಒಂದು ಸರದಿಯಲ್ಲಿ ಎಷ್ಟು ದೂರ ನಡೆಯಬಹುದೆಂಬುದಕ್ಕೆ ಅಳತೆಯುಂಟು. ರಸ್ತೆಯಲ್ಲಿ ಹೆಚ್ಚು, ಕಾಡಿನಲ್ಲಿ ಕಡಿಮೆ, ಕೆಸರಿನಲ್ಲಿ ಇನ್ನೂ ಕಡಿಮೆ. ಅಂದಿನ ಬಂದೂಕು ನಿಮಿಷಕ್ಕೆ ಎರಡು ಮೂರು ಸಲ ಮಾತ್ರ ಹಾರುತ್ತಿತ್ತು, ಮತ್ತು ನೂರು ಗಜಗಳಾಚೆ ಅದರ ಗುರಿ ನೆಚ್ಚುವಂತಿರಲಿಲ್ಲ. ನಿಯಮಗಳು ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಕಾಲಾಳುಗಳು ಅಗಲವಾದ ಸಾಲಾಗಿ ನಿಂತರೆ ಎಲ್ಲ ಬಂದೂಕುಗಳೂ ಒಮ್ಮೆಗೇ ಹಾರುತ್ತವೆ, ಆದರೆ ಆ ಸಾಲು ಚುರುಕಾಗಿ ನಡೆಯಲಾರದು. ಒಬ್ಬರ ಹಿಂದೊಬ್ಬರು ಒತ್ತಾಗಿ ನಿಂತ ಸ್ತಂಭವ್ಯೂಹ ಬೇಗ ಮುನ್ನುಗ್ಗಬಲ್ಲುದು, ಆದರೆ ಮುಂದಿನವರ ಬಂದೂಕುಗಳಷ್ಟೇ ಕೆಲಸಕ್ಕೆ ಬರುತ್ತವೆ. ಕುದುರೆದಳ ಮೇಲೆ ಬಿದ್ದಾಗ ನಾಲ್ಕು ಕಡೆಗೂ ಮುಖಮಾಡಿ ಬಂದೂಕಿನ ಈಟಿಗಳನ್ನು ಚಾಚಿ ಚೌಕವ್ಯೂಹದಲ್ಲಿ ನಿಂತರೆ ರಕ್ಷಣೆ. ಏಕೆಂದರೆ ಕುದುರೆ ಈಟಿಗಳ ಬೇಲಿಯ ಮೇಲೆ ನುಗ್ಗಲೊಲ್ಲದು. ಆದರೆ ಹಾಗೆ ಒತ್ತಾಗಿ ನಿಂತ ಚೌಕಕ್ಕೆ ಫಿರಂಗಿಯ ಗುಂಡು ಮೃತ್ಯುಸಮಾನ. ಎಲ್ಲಕ್ಕೂ ಒದಗುವ ಒಂದು ವ್ಯೂಹವಿಲ್ಲ. ಒಂದನ್ನು ಆರಿಸಿಕೊಂಡರೆ ಮತ್ತೊಂದರ ಲಾಭವನ್ನು ಬಿಡಲೇಬೇಕು.

1815ರ ಜೂನ್ 18ರ ಕದನವನ್ನು ಮೇಜಿನ ಮೇಲೆ ಆಡುವವರಿಗೆ ಈ ಮಾತಿನ ಅರ್ಥ ಚೆನ್ನಾಗಿ ತಿಳಿಯುತ್ತದೆ. ಹಿಂದಿನ ರಾತ್ರಿ ಸುರಿದ ಮಳೆಯಿಂದ ನೆಲ ಕೆಸರಾಗಿ, ನೆಪೋಲಿಯನ್ ಕದನವನ್ನು ಆರಂಭಿಸಲು ಹನ್ನೊಂದು ಗಂಟೆ ಮೀರಿತು. ಮಧ್ಯಾಹ್ನ ನಾಲ್ಕರ ಸುಮಾರಿಗೆ ಸೇನಾಪತಿ ಮಾರ್ಷಲ್ ನೇ ಸಾವಿರಾರು ರಾವುತರನ್ನು ಇಂಗ್ಲಿಷರ ಚೌಕಗಳ ಮೇಲೆ ಮತ್ತೆ ಮತ್ತೆ ನುಗ್ಗಿಸಿದನು. ಜೊತೆಗೆ ಸಾಕಷ್ಟು ಕಾಲಾಳಾಗಲಿ ಫಿರಂಗಿಗಳಾಗಲಿ ಹೋಗದ ಕಾರಣ ಚೌಕಗಳು ಒಡೆಯಲಿಲ್ಲ. ಪ್ರಷ್ಯನರನ್ನು ಅಟ್ಟಿಸಿಕೊಂಡು ಹೋಗಿದ್ದ ಗ್ರೂಷಿಯ 33,000 ಸೈನಿಕರು ದಿನವಿಡೀ ವಾಟರ್ಲೂವಿಗೆ ಬರಲೇ ಇಲ್ಲ, ಬಂದವರು ಪ್ರಷ್ಯನರು. ಇಂದಿನ ಆಟಗಾರನಿಗೆ ಇದೆಲ್ಲ ಮೊದಲೇ ಗೊತ್ತು. ನೆಪೋಲಿಯನ್ನನಿಗೆ ಗೊತ್ತಿರಲಿಲ್ಲ. ಅದಕ್ಕಾಗಿಯೇ ನುರಿತ ಆಟಗಾರರು ಪ್ರಷ್ಯನರು ಬರುವ ಹೊತ್ತನ್ನು ದಾಳಕ್ಕೆ ಬಿಡುತ್ತಾರೆ. ದಳವೊಂದು ತುಂಬ ನಷ್ಟಪಟ್ಟಾಗ ಅದು ನಿಲ್ಲುವುದೋ ಓಡುವುದೋ ಎಂಬುದನ್ನೂ ದಾಳದಿಂದಲೇ ನಿರ್ಣಯಿಸುತ್ತಾರೆ. ಚದುರಂಗದಲ್ಲಿ ಇಲ್ಲದ ಭಯವೆಂಬ ಅಂಶ ಹೀಗೆ ಆಟದೊಳಗೆ ಪ್ರವೇಶಿಸುತ್ತದೆ. ಎಷ್ಟು ಜಾಣತನದಿಂದ ಹೂಡಿದ ಹಂಚಿಕೆಯೂ ಕೆಸರು, ವಿಳಂಬ, ತಪ್ಪು ಸುದ್ದಿ, ಹೆದರಿಕೆ ಇವುಗಳಿಂದ ಮುರಿದುಬೀಳಬಹುದೆಂಬುದನ್ನು ಆಟಗಾರನು ಅನುಭವದಿಂದ ಕಲಿಯುತ್ತಾನೆ.

ಇಷ್ಟಾದರೂ ಈ ಆಟ ಯುದ್ಧವಲ್ಲ. ಮೇಜಿನ ಮೇಲೆ ಉರುಳಿದ ಬೊಂಬೆಯನ್ನು ಸಂಜೆ ಎತ್ತಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ಮುಂದಿನ ವಾರ ಅದು ಮತ್ತೆ ಎದ್ದು ನಿಲ್ಲುತ್ತದೆ. ವಾಟರ್ಲೂವಿನ ಬಯಲಿನಲ್ಲಿ ಒಂದೇ ದಿನ ಸತ್ತು ಗಾಯಗೊಂಡ ನಲವತ್ತು ಸಾವಿರಕ್ಕೂ ಮಿಕ್ಕಿದ ಜನರಿಗೆ ಅಂತಹ ಸಂಜೆಯಿರಲಿಲ್ಲ. ಒಂದು ಬೊಂಬೆ ತೆಗೆದಿಟ್ಟಾಗ ಇಪ್ಪತ್ತೋ ಮೂವತ್ತೋ ಮಂದಿ ಮಡಿದರು ಇಲ್ಲವೆ ಗಾಯಗೊಂಡರು ಎಂಬ ಲೆಕ್ಕವನ್ನು ಆಟದ ಉತ್ಸಾಹ ಮರೆಸಬಾರದು. ಈ ಅಂತರವನ್ನು ವೆಲ್ಸ್ ಬಲ್ಲವನಾಗಿದ್ದನು. ಇಂತಹ ಸಣ್ಣ ಯುದ್ಧವನ್ನು ನಾಲ್ಕಾರು ಬಾರಿ ಆಡಿದವನಿಗೂ ನಿಜವಾದ ಯುದ್ಧ ಎಷ್ಟು ಎಡವಟ್ಟಿನ, ಎಷ್ಟು ಹಾನಿಯ ಕಾರ್ಯವೆಂಬುದು ಮನವರಿಕೆಯಾಗುವುದೆಂದು ತನ್ನ ಪುಸ್ತಕದ ಕೊನೆಯಲ್ಲಿ ಅವನು ಅಭಿಪ್ರಾಯಪಟ್ಟನು. ಆ ಪುಸ್ತಕ ಹೊರಬಂದ ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು. ನೆಲದ ಮೇಲೆ ತವರದ ಸಿಪಾಯಿಗಳನ್ನು ನಿಲ್ಲಿಸಿ ಆಡುತ್ತಿದ್ದ ಪೀಳಿಗೆಯ ಎಷ್ಟೋ ಹುಡುಗರು ಕಂದಕಗಳ ಕೆಸರಿನಲ್ಲಿ ಪ್ರಾಣಬಿಟ್ಟರು.

ಆದುದರಿಂದ ಈ ಹವ್ಯಾಸದ ಹಿರಿಮೆ ಗೆಲುವಿನಲ್ಲಿಲ್ಲ. ಒಂದು ಗುಂಡಿಯ ಬಣ್ಣ ಯಾವುದಾಗಿತ್ತು, ಒಂದು ದಳ ಸಂಜೆ ಏಳು ಗಂಟೆಗೆ ಎಲ್ಲಿ ನಿಂತಿತ್ತು ಎಂಬುದನ್ನು ತಾಳ್ಮೆಯಿಂದ ಹುಡುಕಿ, ಸಾಕ್ಷ್ಯ ತೋರಿದಂತೆ ಮಾತ್ರ ಬೊಂಬೆಯನ್ನು ನಿಲ್ಲಿಸುವ ಪ್ರಾಮಾಣಿಕತೆಯಲ್ಲಿದೆ. ಅಂಗೈಯಲ್ಲಿ ಅಡಗುವ ಆ ಬೊಂಬೆ ಒಂದು ಕಾಲದಲ್ಲಿ ಉಸಿರಾಡುತ್ತಿದ್ದ ಮನುಷ್ಯನ ಗುರುತು. ಇದನ್ನು ನೆನಪಿನಲ್ಲಿಟ್ಟು ಅದಕ್ಕೆ ಬಣ್ಣ ಹಚ್ಚುವವನು ಬೊಂಬೆಯನ್ನೂ ಹಗುರವಾಗಿ ಕಾಣಲಾರ, ಯುದ್ಧವನ್ನೂ ಹಗುರವಾಗಿ ಬಯಸಲಾರ.